ಹೊಳೆಗೊಂದು ಪಹಣಿ: ಟ್ರೌಟ್ ಮೀನಿನ ಹೊಳೆಗಳನ್ನು ಗುರುತಿಸುವ ಕೆಲಸ

ಟ್ರೌಟ್ ನಮ್ಮ ಕಡೆಯ ಮೀನಲ್ಲ. ಅದಕ್ಕೆ ವರ್ಷವಿಡೀ ತಣ್ಣಗಿರುವ, ಕಲ್ಲುಗಳ ನಡುವೆ ನುಗ್ಗಿ ಹರಿಯುವ, ಆಮ್ಲಜನಕ ತುಂಬಿದ ನೀರು ಬೇಕು. ನೀರಿನ ಬಿಸಿ 20 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ನಿಂತುಬಿಟ್ಟರೆ ಅದರ ಪಾಡು ಕಷ್ಟ. ಕರ್ನಾಟಕದವರು ಹತ್ತಿರದಲ್ಲಿ ಎಲ್ಲಾದರೂ ಟ್ರೌಟ್ ನೋಡಬೇಕೆಂದರೆ ನೀಲಗಿರಿಯ ಎತ್ತರದ ಹೊಳೆಗಳಿಗೆ ಹೋಗಬೇಕು. ಅಲ್ಲಿಗೂ ಅದು ತಾನಾಗಿ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ, 1907ರ ಹೊತ್ತಿಗೆ, ಎಚ್. ಸಿ. ವಿಲ್ಸನ್ ಎಂಬ ಅಧಿಕಾರಿ ಅವಲಾಂಚಿಯಲ್ಲಿ ಮೀನುಮರಿ ಕೇಂದ್ರ ಕಟ್ಟಿ ಅದನ್ನು ನೆಲೆಗೊಳಿಸಿದ.

ಟ್ರೌಟ್ ತನ್ನ ತವರಿನಲ್ಲಿ ಹೇಗಿದೆ, ಅದು ಬದುಕುವ ಹೊಳೆಗಳನ್ನು ಸರ್ಕಾರ ಹೇಗೆ ಗುರುತಿಸಿ ಬರೆದಿಡುತ್ತದೆ ಎಂದು ತಿಳಿಯಲು ಅಮೆರಿಕದ ಪೆನ್ಸಿಲ್ವೇನಿಯಾಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಅಪರೂಪ. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಎರಡು ಪಾಲಿಗಿಂತ ಚಿಕ್ಕದಾದ ಆ ರಾಜ್ಯದಲ್ಲಿ ಸುಮಾರು 86,000 ಮೈಲಿ ಹೊಳೆ, ಹಳ್ಳ, ತೊರೆಗಳಿವೆ. ಅವುಗಳಲ್ಲಿ ಯಾವುದರಲ್ಲಿ ಟ್ರೌಟ್ ತಾನಾಗಿ ಸಂತಾನ ಬೆಳೆಸುತ್ತಿದೆ? ಪ್ರಶ್ನೆ ಸಣ್ಣದು. ಆದರೆ ಯಾರಾದರೂ ನೀರಿಗಿಳಿದು ನೋಡದೆ ಉತ್ತರ ಸಿಗುವುದಿಲ್ಲ, ನೋಡಿದ್ದನ್ನು ಬರೆದಿಡದೆ ಆ ಉತ್ತರಕ್ಕೆ ಬೆಲೆ ಬರುವುದಿಲ್ಲ. ಮೂರು ತಲೆಮಾರು ಉತ್ತ ಗದ್ದೆಯಾದರೂ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಮಾತು ನಡೆಯದು. ಹೊಳೆಯ ಮೀನಿನ ಪಾಡೂ ಅಷ್ಟೇ.

ಯಾವುದು ವೈಲ್ಡ್, ಯಾವುದು ಸಾಕಿದ್ದು?

ಮೊದಲು ಮೂರು ಮೀನುಗಳ ಪರಿಚಯ ಮಾಡಿಕೊಳ್ಳಿ. ಬ್ರೂಕ್ ಟ್ರೌಟ್ ಪೆನ್ಸಿಲ್ವೇನಿಯಾದ ಮೂಲನಿವಾಸಿ. 1970ರಿಂದ ಆ ರಾಜ್ಯದ ಅಧಿಕೃತ ಮೀನು. ಬೆನ್ನ ಮೇಲೆ ಹುಳ ಹರಿದಾಡಿದಂಥ ಗೆರೆಗಳು, ಪಕ್ಕೆಯಲ್ಲಿ ನೀಲಿ ಉಂಗುರದೊಳಗೆ ಕೆಂಪು ಚುಕ್ಕೆ, ಕೆಳಗಿನ ಈಜುರೆಕ್ಕೆಗಳಿಗೆ ಬಿಳಿ ಅಂಚು. ಎರಡನೆಯದು ಬ್ರೌನ್ ಟ್ರೌಟ್. ಇದು ಯುರೋಪಿನದು, 1883ರಲ್ಲಿ ಇದರ ಮೊಟ್ಟೆಗಳು ಜರ್ಮನಿಯಿಂದ ಹಡಗೇರಿ ಅಮೆರಿಕಕ್ಕೆ ಬಂದವು. ಮೂರನೆಯದು ರೇನ್‌ಬೋ ಟ್ರೌಟ್, ಉತ್ತರ ಅಮೆರಿಕದ್ದೇ ಪಶ್ಚಿಮ ಕರಾವಳಿಯ ಕಡೆಯದು.

ಈ ಮೂರನ್ನೂ ಕೇಂದ್ರಗಳಲ್ಲಿ ಸಾಕಿ ಹೊಳೆಗೆ ಬಿಡುವ ಪದ್ಧತಿ ಅಲ್ಲಿ ಬಹಳ ಹಳೆಯದು. ನಮ್ಮ ಕೆರೆಗಳಿಗೆ ಮೀನುಮರಿ ಬಿತ್ತನೆ ಮಾಡುತ್ತೇವಲ್ಲ, ಅಲ್ಲಿ ಮರಿಗಳ ಬದಲು ಬೆಳೆದ ಮೀನನ್ನೇ ಬಿಡುತ್ತಾರೆ. ವರ್ಷಕ್ಕೆ ಸುಮಾರು 30 ಲಕ್ಷ ಮೀನು ಹೀಗೆ ಲಾರಿಯೇರಿ ಬಂದು ನೀರು ಸೇರುತ್ತವೆ. ಗಾಳ ಹಾಕುವವರಿಗೆ ಇದು ಹಬ್ಬ. ಸಮೀಕ್ಷೆಗೆ ಮಾತ್ರ ಇದು ತೊಡಕು. ಹೊಳೆಯಲ್ಲಿ ಟ್ರೌಟ್ ಕಂಡ ಮಾತ್ರಕ್ಕೆ ಅದು ಆ ಹೊಳೆಯ ಕೂಸು ಎಂದು ಹೇಳಲಾಗುವುದಿಲ್ಲ. ಕಳೆದ ವಾರ ಲಾರಿಯಿಂದ ಇಳಿದದ್ದೂ ಇರಬಹುದು.

ಆದ್ದರಿಂದ ಇಲ್ಲಿನ ಮೂಲಸೂತ್ರ ಇದು: ಆ ಹೊಳೆಯ ನೀರಿನಲ್ಲೇ ಮೊಟ್ಟೆಯೊಡೆದು ಬೆಳೆದದ್ದು ವೈಲ್ಡ್. ಅಪ್ಪ ಅಮ್ಮನ ಮೂಲ ಜರ್ಮನಿಯೋ ಕ್ಯಾಲಿಫೋರ್ನಿಯಾವೋ ಎಂಬುದನ್ನು ಈ ವ್ಯಾಖ್ಯೆ ಕೇಳುವುದಿಲ್ಲ. ಹೊರಗಿನಿಂದ ಬಂದ ಬ್ರೌನ್ ಟ್ರೌಟ್ ಕೂಡ ಹೊಳೆಯಲ್ಲಿ ತಾನಾಗಿ ಮರಿ ಮಾಡುತ್ತಿದ್ದರೆ ವೈಲ್ಡ್ ಎನಿಸಿಕೊಳ್ಳುತ್ತದೆ.

ಬಿತ್ತನೆ ನಿಂತರೆ ಮೀನೇ ಇರುವುದಿಲ್ಲ ಎಂಬ ಭಯ ಸಹಜ. ಸೆಂಟರ್ ಕೌಂಟಿಯ ಸ್ಪ್ರಿಂಗ್ ಕ್ರೀಕ್ ಎಂಬ ಹೊಳೆ ಅದಕ್ಕೆ ಉತ್ತರ ಕೊಟ್ಟಿತು. ಅದರ ನೀರಿಗೆ ಕೀಟನಾಶಕ ರಾಸಾಯನಿಕ ಸೇರಿ, ಮೀನು ತಿನ್ನಲು ಯೋಗ್ಯವಲ್ಲವೆಂದಾಗಿ, 1980ರ ದಶಕದ ಆರಂಭದಲ್ಲಿ ಬಿತ್ತನೆ ನಿಲ್ಲಿಸಿದರು. ಹಿಡಿದ ಮೀನನ್ನು ಒಯ್ಯುವುದನ್ನೂ ನಿಷೇಧಿಸಿದರು. ಸುಣ್ಣಕಲ್ಲಿನ ಊಟೆಗಳಿಂದ ಬರುವ ತಣ್ಣೀರಿನ ಆ ಹೊಳೆಯಲ್ಲಿ ಬ್ರೌನ್ ಟ್ರೌಟ್ ತಾವಾಗಿಯೇ ತುಂಬಿಕೊಂಡವು. ಇಂದು ಅದು ಆ ರಾಜ್ಯದ ಹೆಸರಾಂತ ವೈಲ್ಡ್ ಟ್ರೌಟ್ ಹೊಳೆಗಳಲ್ಲಿ ಒಂದು.

ಯಾರೂ ನೋಡದ ಹೊಳೆಗಳು

ಈ ಕೆಲಸದ ಹೊಣೆ ಪೆನ್ಸಿಲ್ವೇನಿಯಾ ಮೀನು ಮತ್ತು ದೋಣಿ ಆಯೋಗದ್ದು. 1866ರಲ್ಲಿ ಬೇರೂರಿದ ಹಳೆಯ ಸಂಸ್ಥೆ ಅದು. ಆದರೆ ಎಷ್ಟು ಹಳೆಯದಾದರೇನು, ಅಷ್ಟು ಸಾವಿರ ಮೈಲಿ ನೀರಿಗೆ ಜೀವಶಾಸ್ತ್ರಜ್ಞರು ಕೈಬೆರಳೆಣಿಕೆ. ದೊಡ್ಡ ಹೊಳೆಗಳನ್ನು, ಗಾಳದವರು ಹೋಗುವ ಹೊಳೆಗಳನ್ನು ನೋಡಿ ಬರೆದರು. ಬೆಟ್ಟದ ಮಡಿಲಿನ ಸಣ್ಣ ತೊರೆಗಳು, ಒಂದೇ ನೆಗೆತಕ್ಕೆ ದಾಟಬಹುದಾದಂಥವು, ಸಾವಿರಗಟ್ಟಲೆ ಹಾಗೇ ಉಳಿದವು.

2008ರ ಸುಮಾರಿಗೆ ಪರಿಸ್ಥಿತಿ ಬದಲಾಯಿತು. ಮಾರ್ಸೆಲಸ್ ಎಂಬ ಆಳದ ಶಿಲಾಪದರದಿಂದ ನೈಸರ್ಗಿಕ ಅನಿಲ ತೆಗೆಯುವ ಭರಾಟೆ ಶುರುವಾಗಿ, ಕೊಳವೆಬಾವಿ, ರಸ್ತೆ, ಪೈಪ್‌ಲೈನುಗಳು ಅದೇ ಬೆಟ್ಟಗಳಿಗೆ ನುಗ್ಗಿದವು. ಇಂಥ ಕಾಮಗಾರಿಗೆ ಅನುಮತಿ ಕೇಳಿ ಅರ್ಜಿ ಬಂದಾಗ ಅಧಿಕಾರಿ ವೈಲ್ಡ್ ಟ್ರೌಟ್ ಹೊಳೆಗಳ ಪಟ್ಟಿ ನೋಡುತ್ತಾನೆ. ಪಟ್ಟಿಯಲ್ಲಿಲ್ಲದ ತೊರೆಗೆ ವೈಲ್ಡ್ ಟ್ರೌಟ್ ಹೊಳೆಯ ಕಟ್ಟುಪಾಡು ಅನ್ವಯಿಸುವುದಿಲ್ಲ. ಮೀನಿದೆಯೋ ಇಲ್ಲವೋ ಎಂದು ಯಾರೂ ನೋಡದಿದ್ದದ್ದು, ಕಾಗದದ ಮೇಲೆ ಮೀನಿಲ್ಲ ಎಂಬುದಕ್ಕೆ ಸಮವಾಗಿಬಿಡುತ್ತಿತ್ತು.

ಹಾಗಾಗಿ 2010ರಲ್ಲಿ ಆಯೋಗ ಸಮೀಕ್ಷೆಯಾಗದ ಹೊಳೆಗಳಿಗೆಂದೇ ಒಂದು ಅಭಿಯಾನ ಹೂಡಿತು. ಟ್ರೌಟ್ ಇರುವ ಸಂಭವ ಹೆಚ್ಚಿರುವ, ಅಪಾಯವೂ ಹತ್ತಿರವಿರುವ ಹೊಳೆಗಳಿಗೆ ಮೊದಲ ಆದ್ಯತೆ. ತನ್ನ ಸಿಬ್ಬಂದಿ ಸಾಲದೆಂದು ಲೈಕಮಿಂಗ್ ಕಾಲೇಜು, ಕಿಂಗ್ಸ್ ಕಾಲೇಜಿನಂಥ ವಿದ್ಯಾಸಂಸ್ಥೆಗಳನ್ನೂ ಟ್ರೌಟ್ ಅನ್‌ಲಿಮಿಟೆಡ್‌ನಂಥ ಸಂರಕ್ಷಣಾ ಸಂಘಗಳನ್ನೂ ಜೊತೆಗೂಡಿಸಿಕೊಂಡಿತು. ಪ್ರಾಧ್ಯಾಪಕರು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತೊರೆಗಿಳಿದರು. ಎಲ್ಲರಿಗೂ ವಿಧಾನ ಒಂದೇ, ನಮೂನೆ ಒಂದೇ. ಇಲ್ಲದಿದ್ದರೆ ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ನೀರಿಗಿಳಿಯುವ ಬಗೆ

ಸಮೀಕ್ಷೆಯ ಕಾಲ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್. ಆಗ ಹೊಳೆ ಇಳಿದಿರುತ್ತದೆ, ತಳ ಕಾಣುತ್ತದೆ. ಅದಕ್ಕಿಂತ ಮುಖ್ಯ ಕಾರಣ ಮೀನಿನ ಜೀವನಚಕ್ರದಲ್ಲಿದೆ. ಬ್ರೂಕ್ ಮತ್ತು ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಅಕ್ಟೋಬರ್, ನವೆಂಬರ್ ಸುಮಾರಿಗೆ. ಜಲ್ಲಿಕಲ್ಲಿನಲ್ಲಿ ಗುಂಡಿ ಮಾಡಿ ಅದರೊಳಗೆ. ಚಳಿಗಾಲವೆಲ್ಲ ಕಲ್ಲಿನ ಸಂದಿಯಲ್ಲಿ ಕಳೆದ ಮರಿಗಳು ವಸಂತದಲ್ಲಿ ಹೊರಬಂದು, ಬೇಸಿಗೆಯ ನಡುವಿಗೆ ಬಲೆಗೆ ಸಿಗುವಷ್ಟಾಗುತ್ತವೆ.

ನಮೂನೆಯ ಜಾಗ ಸಾಮಾನ್ಯವಾಗಿ 100 ಮೀಟರ್ ಉದ್ದದ್ದು. ತಂಡದಲ್ಲಿ ಒಬ್ಬರ ಬೆನ್ನಿಗೆ ಬ್ಯಾಟರಿ ಪೆಟ್ಟಿಗೆ. ಕೈಯಲ್ಲಿ ತುದಿಗೆ ಲೋಹದ ಬಳೆಯಿರುವ ಕೋಲು. ಹಿಂದೆ ನೀರಿನಲ್ಲಿ ಎಳೆದುಕೊಂಡು ಬರುವ ಇನ್ನೊಂದು ತಂತಿ. ಎರಡರ ನಡುವೆ ನೀರಿನಲ್ಲಿ ವಿದ್ಯುತ್ ಹರಿದಾಗ ಹತ್ತಿರದ ಮೀನು ತನ್ನ ಹಿಡಿತ ತಪ್ಪಿ ಬಳೆಯ ಕಡೆಗೇ ಈಜಿ ಬರುತ್ತದೆ, ಬಂದು ಮಂಕಾಗಿ ಹೊರಳುತ್ತದೆ. ಪಕ್ಕದವರು ಕೈಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಸರಿಹೋಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಕೆಲವರು ಕಂಬದಿಂದ ತಂತಿ ಎಳೆದು ಹೊಳೆಗೆ ಕರೆಂಟ್ ಬಿಡುವುದುಂಟು. ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಅದು ಮೀನನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ. ಇಲ್ಲಿ ನೀರಿನ ವಿದ್ಯುದ್ವಾಹಕತೆಯನ್ನು ಮೊದಲು ಅಳೆದು, ಅದಕ್ಕೆ ತಕ್ಕ ವೋಲ್ಟೇಜ್ ಇಟ್ಟು, ರಬ್ಬರಿನ ಉಡುಪು ಕೈಗವಸು ತೊಟ್ಟು, ತರಬೇತಿ ಪಡೆದವರು ಪರವಾನಗಿ ಹಿಡಿದು ಮಾಡುತ್ತಾರೆ. ಲವಣ ಕಡಿಮೆಯಿರುವ ಬೆಟ್ಟದ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದಿಲ್ಲವಾದ್ದರಿಂದ ಅಲ್ಲಿ ವೋಲ್ಟೇಜ್ ಹೆಚ್ಚು ಬೇಕು. ನಡೆಯುವುದು ಯಾವಾಗಲೂ ಹರಿವಿಗೆ ಎದುರಾಗಿ. ಕಾಲಿನಿಂದ ಏಳುವ ಕೆಸರು ಹಿಂದಕ್ಕೆ ಹರಿದು ಮುಂದಿನ ನೀರು ತಿಳಿಯಾಗಿ ಉಳಿಯುತ್ತದೆ.

ಮೀನಿನ ಜೊತೆಗೆ ನೀರಿನ ಉಷ್ಣತೆ, ಆಮ್ಲೀಯತೆ, ಕ್ಷಾರೀಯತೆ, ಹೊಳೆಯ ಅಗಲ ಎಲ್ಲವೂ ದಾಖಲಾಗುತ್ತವೆ. ಹಳೆಯ ಕಲ್ಲಿದ್ದಲು ಗಣಿಗಳಿಂದ ಹುಳಿನೀರು ಸೋರುವ ರಾಜ್ಯದಲ್ಲಿ ಆಮ್ಲೀಯತೆಯ ಅಂಕಿ ತುಂಬ ಮಾತಾಡುತ್ತದೆ. ಬ್ರೌನ್ ಟ್ರೌಟ್ ತಡೆಯದಷ್ಟು ಹುಳಿಯನ್ನು ಬ್ರೂಕ್ ಟ್ರೌಟ್ ತಡೆದುಕೊಳ್ಳಬಲ್ಲದು. ಬೆಟ್ಟದ ತುದಿಯ ತೊರೆಗಳಲ್ಲಿ ಅದೇ ಹೆಚ್ಚು ಕಾಣಲು ಅದೂ ಒಂದು ಕಾರಣ. ಟ್ರೌಟ್ ಸಿಗದಿದ್ದರೂ ಸಿಕ್ಕ ಬೇರೆ ಮೀನುಗಳ ಜಾತಿಯನ್ನು ಬರೆಯುತ್ತಾರೆ. ಹುಡುಕಿ ಸಿಗಲಿಲ್ಲ ಎಂಬುದೂ ಒಂದು ದಾಖಲೆ, ಹುಡುಕಲೇ ಇಲ್ಲ ಎಂಬುದಕ್ಕಿಂತ ಎಷ್ಟೋ ಮೇಲು.

ಮೀನಿನ ಜಾತಕ ಓದುವುದು

ಬಕೆಟ್ಟಿನಲ್ಲಿ ಬಿದ್ದ ಮೀನು ಹೊಳೆಯದೋ ಕೇಂದ್ರದ್ದೋ? ಸಿಮೆಂಟ್ ತೊಟ್ಟಿಯಲ್ಲಿ ಒತ್ತೊತ್ತಾಗಿ ಬೆಳೆದ ಮೀನಿನ ಈಜುರೆಕ್ಕೆಗಳು ಉಜ್ಜಿ ಸವೆದು ಮೊಂಡಾಗಿರುತ್ತವೆ, ಬಣ್ಣ ಮಾಸಿರುತ್ತದೆ. ಹೊಳೆಯದರ ರೆಕ್ಕೆ ಚೂಪು, ಬಣ್ಣ ಗಾಢ. ಆದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಉದ್ದ. ಬಿತ್ತನೆಗೆ ಬರುವುದು ಬಹುತೇಕ ದೊಡ್ಡ ಮೀನು. ಮರಿಗಳೇ ಕಂಡರೆ ಅವು ಅಲ್ಲೇ ಹುಟ್ಟಿದವು ಎನ್ನಲು ಆಧಾರ ಸಿಕ್ಕಿತು.

ಅಳೆದ ಉದ್ದಗಳನ್ನು ಸಾಲಾಗಿ ಬರೆದರೆ ಅವು ಗುಂಪುಗುಂಪಾಗಿ ನಿಲ್ಲುತ್ತವೆ. 5ರಿಂದ 8 ಸೆಂಟಿಮೀಟರಿನವು ಈ ವರ್ಷದ ಮರಿಗಳು. ಆಮೇಲೆ ಒಂದು ಖಾಲಿ. 10 ದಾಟಿದವು ಹೋದ ವರ್ಷದವು. ಅದರಾಚೆ ಇನ್ನೂ ಹಳೆಯವು. ಎರಡು ಮೂರು ಪ್ರಾಯದ ಮೀನು ಒಟ್ಟಿಗಿವೆ ಎಂದರೆ ಅದು ಒಂದು ವರ್ಷದ ಅದೃಷ್ಟವಲ್ಲ, ವರ್ಷ ವರ್ಷವೂ ಆ ತೊರೆಯಲ್ಲಿ ಬಾಣಂತನ ನಡೆಯುತ್ತಿದೆ ಎಂದು ಅರ್ಥ. ವೈಲ್ಡ್ ಟ್ರೌಟ್ ಹೊಳೆಯೆಂದು ಹೆಸರು ಸೇರಲು ಬೇಕಾದದ್ದು ಮುಖ್ಯವಾಗಿ ಈ ಪುರಾವೆ. ಮೀನು ಎಷ್ಟಿವೆ ಎಂಬುದು ಮುಂದಿನ ಪ್ರಶ್ನೆ.

ಸ್ವಲ್ಪ ಲೆಕ್ಕ

ಒಂದು ಸಲ ಬಲೆ ಹಿಡಿದು ನಡೆದರೆ ಎಲ್ಲ ಮೀನೂ ಸಿಗುವುದಿಲ್ಲ. ಉಳಿದವೆಷ್ಟು? ಹಿಡಿದವನ್ನು ನೀರಿಗೆ ಬಿಡದೆ ಅದೇ ಜಾಗದಲ್ಲಿ ಮತ್ತೊಮ್ಮೆ ನಡೆಯಿರಿ. ಮೊದಲ ಸಲ 30, ಎರಡನೇ ಸಲ 10 ಸಿಕ್ಕವು ಎನ್ನೋಣ. ಎರಡನೇ ಸಲದ ಫಸಲು ಮೂರನೇ ಒಂದಕ್ಕೆ ಇಳಿದಿದೆ. ಅಂದರೆ ಪ್ರತಿ ಸಲವೂ ಇದ್ದುದರಲ್ಲಿ ಮೂರನೇ ಎರಡು ಪಾಲು ಹಿಡಿಯುತ್ತಿದ್ದೇವೆ. 30 ಎಂಬುದು ಮೂರನೇ ಎರಡಾದರೆ ಒಟ್ಟು 45. ಕಾಣದ 5 ಮೀನನ್ನೂ ಲೆಕ್ಕ ಹಿಡಿದುಕೊಟ್ಟಿತು. ದೊಡ್ಡ ಹೊಳೆಗಳಲ್ಲಿ ಇನ್ನೊಂದು ಉಪಾಯವುಂಟು: ಹಿಡಿದವುಗಳ ರೆಕ್ಕೆಯ ತುದಿ ಚೂರು ಕತ್ತರಿಸಿ ಬಿಟ್ಟು, ಮತ್ತೆ ಹಿಡಿದಾಗ ಗುರುತಿನವು ಎಷ್ಟು ಪಾಲು ಸಿಕ್ಕವು ಎಂದು ನೋಡಿ ಒಟ್ಟು ಅಂದಾಜಿಸುವುದು.

ಆಮೇಲೆ ಸಂಖ್ಯೆಯನ್ನು ತೂಕಕ್ಕೆ, ತೂಕವನ್ನು ಹೆಕ್ಟೇರಿಗೆ ತರಬೇಕು. ಏಕೆಂದರೆ ಮೇಲ್ದರ್ಜೆಯ ಪಟ್ಟಿಯಾದ ಕ್ಲಾಸ್ ಎ ವೈಲ್ಡ್ ಟ್ರೌಟ್ ಹೊಳೆಗಳಿಗೆ ನಿಯಮ ಹೀಗಿದೆ. ಬ್ರೂಕ್ ಟ್ರೌಟ್ ಹೊಳೆಯಾದರೆ ಹೆಕ್ಟೇರಿಗೆ ಕನಿಷ್ಠ 30 ಕಿಲೋ, ಬ್ರೌನ್ ಟ್ರೌಟ್ ಹೊಳೆಯಾದರೆ 40 ಕಿಲೋ. ಆ ಜಾತಿ ಒಟ್ಟು ಟ್ರೌಟ್ ತೂಕದ ಶೇ. 75ರಷ್ಟಾದರೂ ಇರಬೇಕು, ಜೊತೆಗೆ 15 ಸೆಂಟಿಮೀಟರಿಗಿಂತ ಚಿಕ್ಕವು ಹೆಕ್ಟೇರಿಗೆ 0.1 ಕಿಲೋ ಆದರೂ ಇರಬೇಕು. ಎರಡೂ ಬೆರೆತು ಯಾವುದೂ ಶೇ. 75 ಮುಟ್ಟದಿದ್ದರೆ ಎರಡೂ ಸೇರಿ 40 ಕಿಲೋ, ಎರಡರಲ್ಲೂ ಚಿಕ್ಕವು ಇರಬೇಕು.

ಉದಾಹರಣೆ ನೋಡಿ. 4 ಮೀಟರ್ ಅಗಲದ ಹೊಳೆ, 100 ಮೀಟರ್ ಉದ್ದ: 400 ಚದರ ಮೀಟರ್, ಅಂದರೆ 0.04 ಹೆಕ್ಟೇರ್. ಅಲ್ಲಿ ಬ್ರೂಕ್ ಟ್ರೌಟ್ 1.5 ಕಿಲೋ ಇದ್ದರೆ ಹೆಕ್ಟೇರಿಗೆ 37.5 ಕಿಲೋ ಆಯಿತು. ಬ್ರೌನ್ 0.3 ಕಿಲೋ ಇದ್ದರೆ ಬ್ರೂಕ್‌ನ ಪಾಲು ಶೇ. 83, ಪಾಸು. ಬ್ರೌನ್ 0.8 ಕಿಲೋ ಇದ್ದರೆ ಬ್ರೂಕ್‌ನ ಪಾಲು ಶೇ. 65ಕ್ಕೆ ಇಳಿದು, ಹೊಳೆ ಬೆರಕೆಯ ಗುಂಪಿಗೆ ಹೋಗುತ್ತದೆ, ಒಟ್ಟು 57.5 ಕಿಲೋ ಇರುವುದರಿಂದ ಅಲ್ಲಿಯೂ ಪಾಸು.

ಈ ಲೆಕ್ಕ ಎರಡು ಸಂಗತಿ ಕಲಿಸುತ್ತದೆ. 2 ಮೀಟರ್ ಅಗಲದ ತೊರೆಯಾದರೆ 100 ಮೀಟರಿಗೆ 600 ಗ್ರಾಂ ಮೀನು ಸಾಕು. 15 ಸೆಂಟಿಮೀಟರಿನ ಬ್ರೂಕ್ ಟ್ರೌಟ್ ಸುಮಾರು 35 ಗ್ರಾಂ ತೂಗುವುದರಿಂದ, ಅಂಥ ಹದಿನೇಳು ಹದಿನೆಂಟು ಮೀನು. ಸಣ್ಣ ತೊರೆಯೂ ದೊಡ್ಡ ಹೊಳೆಯ ಸಮಕ್ಕೆ ನಿಲ್ಲುವುದು ಹೆಕ್ಟೇರಿನ ಲೆಕ್ಕದಿಂದ. ಎರಡನೆಯದು, ಚಿಕ್ಕ ಮೀನಿನ ಮಿತಿಯನ್ನು ಬಹಳ ಕೆಳಗೆ ಇಟ್ಟಿದ್ದಾರೆ. ನಮ್ಮ ಮೊದಲ ಉದಾಹರಣೆಯಲ್ಲಿ ಅದು ಬರೀ 4 ಗ್ರಾಂ. ಮರಿಗಳು ತುಂಬಿ ತುಳುಕಬೇಕೆಂದು ನಿಯಮ ಕೇಳುತ್ತಿಲ್ಲ, ಹುಟ್ಟು ನಡೆಯುತ್ತಿದೆ ಎಂಬುದಕ್ಕೆ ಗುರುತು ಕೇಳುತ್ತಿದೆ.

ಹೆಸರು ಸೇರಿದರೆ ಏನಾಗುತ್ತದೆ?

ಸಮೀಕ್ಷೆಯ ಫಲಿತಾಂಶ ನೇರವಾಗಿ ಪಟ್ಟಿಯಾಗುವುದಿಲ್ಲ. ಆಯೋಗ ಅದನ್ನು ಪೆನ್ಸಿಲ್ವೇನಿಯಾ ಬುಲೆಟಿನ್ ಎಂಬ ರಾಜ್ಯಪತ್ರದಲ್ಲಿ ಪ್ರಕಟಿಸಿ ಸಾರ್ವಜನಿಕರ ಸಲಹೆ, ಆಕ್ಷೇಪಣೆ ಕೇಳುತ್ತದೆ. ಆಮೇಲೆ ಆಯೋಗದ ಸಭೆಯಲ್ಲಿ ಮತಕ್ಕೆ ಹಾಕುತ್ತದೆ. ಹೊಸ ಹೆಸರು ಸೇರುವಂತೆ ಹಳೆಯ ಹೊಳೆಯ ಗಡಿ ತಿದ್ದುಪಡಿಯಾಗುವುದೂ, ಹೆಸರು ಹೊರಹೋಗುವುದೂ ಉಂಟು.

ಮೀನು ಗುರುತಿಸುವುದು ಆಯೋಗ. ನೀರಿಗೆ ದರ್ಜೆ ಕೊಡುವುದು ಪರಿಸರ ಸಂರಕ್ಷಣಾ ಇಲಾಖೆ. ಈ ಎರಡನ್ನೂ ಒಂದೇ ಎಂದು ಹೊಸಬರು ತಿಳಿಯುವುದುಂಟು. ಕ್ಲಾಸ್ ಎ ಎಂದಾದ ಹೊಳೆ ಇಲಾಖೆಯ ನಿಯಮದಡಿ ಉತ್ತಮ ಗುಣಮಟ್ಟದ ನೀರು ಎಂಬ ವಿಶೇಷ ದರ್ಜೆಗೆ ಅರ್ಹವಾಗುತ್ತದೆ. ಆ ದರ್ಜೆಯ ನೀರಿನ ಗುಣವನ್ನು ತಗ್ಗಿಸುವಂಥ ವಿಸರ್ಜನೆಗೆ ಅನುಮತಿ ಬೇಕೆಂದರೆ ಗಟ್ಟಿಯಾದ ಸಾಮಾಜಿಕ, ಆರ್ಥಿಕ ಕಾರಣ ತೋರಿಸಬೇಕು. ಸಾಮಾನ್ಯ ನಿಯಮದಂತೆ ಆಯೋಗವೂ ಕ್ಲಾಸ್ ಎ ಹೊಳೆಗೆ ಸಾಕಿದ ಮೀನು ಬಿಡುವುದಿಲ್ಲ.

ಬರೀ ವೈಲ್ಡ್ ಟ್ರೌಟ್ ಪಟ್ಟಿಗೆ ಸೇರಿದ ಹೊಳೆಗೂ ಬಲವುಂಟು. ಅದರ ನೆರೆಬಯಲಿನ ಜೌಗು ನೆಲ ರಾಜ್ಯದ ಅತಿ ಮೌಲ್ಯದ ಜೌಗು ಎನಿಸಿ, ಅಲ್ಲಿ ಮಣ್ಣು ತುಂಬುವುದು, ಪೈಪ್ ಹಾಯಿಸುವುದು ಕಠಿಣವಾಗುತ್ತದೆ. ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ, ಮೊಟ್ಟೆಯಿಡುವ ಕಾಲದಲ್ಲಿ, ಹೊಳೆಯೊಳಗೆ ಕಾಮಗಾರಿಗೆ ತಡೆಯಿದೆ. ಕ್ಲಾಸ್ ಎ ಆದರೆ ಈ ತಡೆ ಏಪ್ರಿಲ್ 1ರವರೆಗೆ ಹಿಗ್ಗುತ್ತದೆ. ಪಟ್ಟಿಯ ಹೊಳೆಗೆ ಬಂದು ಸೇರುವ ಕಿರುತೊರೆಗಳನ್ನೂ ಮರಿಗಳ ತೊಟ್ಟಿಲೆಂದು, ಬಿಸಿಲಿನ ದಿನಗಳ ಆಸರೆಯೆಂದು ವೈಲ್ಡ್ ಟ್ರೌಟ್ ಹೊಳೆಗಳ ಲೆಕ್ಕಕ್ಕೇ ಸೇರಿಸಲಾಗುತ್ತದೆ. ಒಂದು ಹೆಸರು ಸೇರಿದರೆ ಅದರ ಹಿಂದೆ ಬೆಟ್ಟದ ಒಂದು ಮಗ್ಗುಲೇ ಬಂದಂತೆ.

ಪಟ್ಟಿಯ ಕೈಯಲ್ಲಾಗದ್ದೂ ಇದೆ. ಹೆಸರು ಸೇರಿದ ಮಾತ್ರಕ್ಕೆ ಗಾಳ ಹಾಕುವ ನಿಯಮ ಬದಲಾಗುವುದಿಲ್ಲ. ಖಾಸಗಿ ಜಮೀನಿನೊಳಗೆ ಕಾಲಿಡುವ ಹಕ್ಕೂ ಬರುವುದಿಲ್ಲ. ಬೇಸಿಗೆ ಬಿಸಿಯಾಗುವುದನ್ನು ಅಧಿಸೂಚನೆ ತಡೆಯಲಾರದು. ಹೊರಗಿನ ಬ್ರೌನ್ ಟ್ರೌಟ್ ಎಷ್ಟೋ ಕಡೆ ಮೂಲದ ಬ್ರೂಕ್ ಟ್ರೌಟನ್ನು ಮೇಲಿನ ತಣ್ಣನೆಯ ತುದಿಗಳಿಗೆ ಒತ್ತರಿಸಿದೆ. ಆದರೂ ಎರಡಕ್ಕೂ ಕ್ಲಾಸ್ ಎ ಗೌರವ ಸಿಗುತ್ತದೆ. ಇದು ಸರಿಯೇ ಎಂಬ ವಾದ ಅಲ್ಲಿನ ಮೀನುಪ್ರಿಯರಲ್ಲಿ ಇನ್ನೂ ನಡೆದಿದೆ. ನೀರು ಚೆನ್ನಾಗಿದೆ ಎಂಬುದಕ್ಕೆ ಎರಡೂ ಸಾಕ್ಷಿ ಹೇಳುತ್ತವೆ ಎಂಬುದಷ್ಟೇ ಪಟ್ಟಿಯ ನಿಲುವು.

ಪಟ್ಟಿ ಓದಲು ಶುರು ಮಾಡುವವರಿಗೆ

ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ ಸುತ್ತ ನೆಲೆಸಿದ ಕನ್ನಡಿಗರು ತಮ್ಮ ಕೌಂಟಿಯಿಂದಲೇ ಆರಂಭಿಸಬಹುದು. ಪಟ್ಟಿಯ ಒಂದು ಸಾಲಿನಲ್ಲಿ ಕೌಂಟಿ, ಹೊಳೆಯ ಹೆಸರು, ಅದು ಯಾವ ಹೊಳೆಗೆ ಸೇರುತ್ತದೆ, ಎಲ್ಲಿಂದ ಎಲ್ಲಿಯವರೆಗಿನ ಭಾಗ, ಸಂಗಮದ ಅಕ್ಷಾಂಶ ರೇಖಾಂಶ ಇಂಥ ವಿವರ ಇರುತ್ತದೆ. ಮೊದಲು ನೋಡಬೇಕಾದದ್ದು ಭಾಗದ ಗಡಿ. ಒಂದೇ ಹೆಸರಿನ ಹೊಳೆ ಮೇಲ್ಭಾಗದಲ್ಲಿ ಕ್ಲಾಸ್ ಎ ಆಗಿದ್ದು, ಸೇತುವೆಯೊಂದರ ಕೆಳಗೆ ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು. ಹೆಸರೇ ಇಲ್ಲದ ತೊರೆಗಳೂ ಸಿಗುತ್ತವೆ. ಅವನ್ನು ಇಂಥ ಹೊಳೆಯ ಹೆಸರಿಲ್ಲದ ಉಪತೊರೆ ಎಂದು ಬರೆದಿರುತ್ತಾರೆ. ಅಂಥವಕ್ಕೆ ಅಕ್ಷಾಂಶ ರೇಖಾಂಶವೇ ವಿಳಾಸ.

ಕೊನೆಗೆ, ನೀವು ಹುಡುಕುವ ತೊರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿ ಟ್ರೌಟ್ ಇಲ್ಲ ಎಂದು ತೀರ್ಮಾನಿಸಬೇಡಿ. ನೋಡಿದ್ದಾರೆ, ಸಿಗಲಿಲ್ಲ ಎಂಬುದು ಒಂದು. ಇನ್ನೂ ಯಾರೂ ನೋಡಿಲ್ಲ ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಎಂದು ಆಯೋಗದ ಪ್ರಾದೇಶಿಕ ಕಚೇರಿಯನ್ನು ವಿಚಾರಿಸಿ. ನೋಡಿಲ್ಲ ಎಂಬ ಉತ್ತರ ಬಂದರೆ, ಅಲ್ಲಿ ಕಂಡ ಮರಿಗಳ ಬಗ್ಗೆ ಜಾಗ, ದಿನಾಂಕ ಸಮೇತ ತಿಳಿಸಿ. ನಿಮ್ಮ ಮಾತೇ ಪುರಾವೆಯಾಗದು. ಬ್ಯಾಟರಿ ಪೆಟ್ಟಿಗೆ ಹೊತ್ತ ತಂಡ ಮುಂದಿನ ಬೇಸಿಗೆಯಲ್ಲಿ ಎತ್ತ ಹೋಗಬೇಕೆಂದು ಯೋಚಿಸುವಾಗ ಅದು ಉಪಯೋಗಕ್ಕೆ ಬಂದೀತು.